ದರ್ಜಿ ಬೆಂಟ್ಸಿಲ್‌ನ ಹದಿನೇಳು ಸೆಕೆಂಡು

“ಇನ್ನೊಂದ್ಸಲ ಹಾಕಮ್ಮ,” ಎಂದು ಚರ್ಚಿನಲ್ಲಿ ಆರ್ಗನ್ ನುಡಿಸುವ ಆರ್ಹಿನ್ ಮೇಷ್ಟ್ರು ಫೋನನ್ನು ಕಿವಿಗೆ ಒತ್ತಿ ಹಿಡಿದರು.

ಅಪ್ಪನ ಹಳೆಯ ಕ್ಯಾಸೆಟ್ಟಿನಿಂದ ಫೋನಿಗೆ ಇಳಿಸಿಕೊಂಡಿದ್ದನ್ನು ಎಕುವಾ ಬೆಳಗಿನಿಂದ ಹನ್ನೊಂದನೆಯ ಸಲ ಹಾಕಿದಳು. ಮೊದಲು ಪಟಪಟ ಎಂದು ಏನೋ ಸದ್ದು. ಆಮೇಲೆ ಆರ್ಗನ್‌ನಲ್ಲಿ ಒಂದು ನಿಧಾನವಾದ ರಾಗ. ಹದಿನೇಳು ಸೆಕೆಂಡು ಆಗುವಷ್ಟರಲ್ಲಿ ಅದು ಶ್ರುತಿ ಇಳಿದು, ಸೊರಗಿ, ಇಲ್ಲವಾಗುತ್ತಿತ್ತು. ಕೊನೆಗೊಂದು ಕಾಗೆ ಕೂಗಿ ಎಲ್ಲವೂ ಮುಗಿಯುತ್ತಿತ್ತು.

“ಇಂಗ್ಲಿಷರದ್ದು ಅಂತ ನಾನು ಮೂವತ್ತು ವರ್ಷದಿಂದ ಬಡ್ಕೋತಾ ಇದೀನಿ,” ಎಂದ ಓಟೂ. ಚರ್ಚಿನ ಗಾಯಕರಲ್ಲಿ ಅವನದೇ ದಪ್ಪ ದನಿ. ಬಂದರಿನ ಹತ್ತಿರ ಮೀನಿನ ಅಂಗಡಿ ಇಟ್ಟಿದ್ದ.

“ನೀನು ಮೀನಿನ ಹೆಸರು ಹೇಳಪ್ಪ. ಸಂಗೀತ ನಮಗೆ ಬಿಡು,” ಎಂದರು ಮೇಷ್ಟ್ರು. “ಜರ್ಮನ್ನರ ಶೈಲಿ ಇದು. ಆದ್ರೆ ಯಾರದು? ಹಾಳಾದ ಟೇಪು, ಬ್ಯಾಟರಿ ಸತ್ತು ಅರ್ಧಕ್ಕೇ ನಿಂತಿದೆ.”

ಮನೆಯೊಳಗೆ ಹಿತ್ತಾಳೆಯ ಮಂಚದ ಮೇಲೆ ಕೋಬಿನಾ ಬೆಂಟ್ಸಿಲ್ ಕೊನೆಯ ದರ್ಶನಕ್ಕೆ ಬಿಳಿ ಅಂಗಿ ತೊಟ್ಟು ಮಲಗಿದ್ದ. ಎಂಬತ್ತೊಂದು ವರ್ಷ ಬಾಳಿದ ದರ್ಜಿ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇರಲಿ ಎಂದು ಮಗಳು ಎಕುವಾ ಹಟ ಹಿಡಿದಿದ್ದಳು. ತುಂಬು ಬಾಳು ಬಾಳಿ ಹೋದವನಾದ್ದರಿಂದ ಊರಿನ ರೂಢಿಯಂತೆ ಬಂದವರೆಲ್ಲ ಕಪ್ಪು ಬಿಳುಪಿನ ಬಟ್ಟೆ ಉಟ್ಟಿದ್ದರು. ಅದರಲ್ಲಿ ಅರ್ಧದಷ್ಟನ್ನಾದರೂ ಹೊಲಿದವನು ಅವನೇ.

ಶಾಮಿಯಾನದ ಕಂಬಕ್ಕೆ ಒರಗಿದ್ದ ಫೀಫಿ ಗಡಿಯಾರ ನೋಡಿದ. “ಎಕುವಾ, ಒಂಬತ್ತಕ್ಕೆ ಚರ್ಚು. ಹೆಸರು ಸಿಕ್ರೆ ಸರಿ. ಇಲ್ದಿದ್ರೆ ಚರ್ಚಿಂದ ನಾನು ಕರೆಸಿರೋ ಬ್ಯಾಂಡ್‌ನವರು ಊದ್ಕೊಂಡು ಕರ್ಕೊಂಡು ಹೋಗ್ತಾರೆ. ಅಪ್ಪ ಏನು ಮೂಕ ಮೆರವಣಿಗೇಲಿ ಹೋಗ್ಬೇಕಾ?”

“ಬ್ಯಾಂಡ್ ಕಂಡ್ರೆ ಅಪ್ಪನಿಗೆ ಆಗ್ತಿರ್ಲಿಲ್ಲ ಅಣ್ಣ.”

“ಹಾಗಾದ್ರೆ ಹೆಸರು ಹೇಳಿ ಸಾಯ್ಬೇಕಿತ್ತು!”

ಹೇಳಿಬಿಟ್ಟು ಫೀಫಿಗೇ ನಾಚಿಕೆಯಾಯಿತು. ಎಕುವಾ ಕೈಯಲ್ಲಿದ್ದ ಅಚ್ಚಿನ ಹಾಳೆಯನ್ನು ಮಡಚಿದಳು. ಪ್ರಾರ್ಥನೆ, ಹಾಡು, ಜೀವನಚರಿತ್ರೆ ಎಲ್ಲವೂ ಅದರಲ್ಲಿತ್ತು. ಕೊನೆಯ ಸಾಲು, ಶವ ಹೊರಡುವಾಗಿನ ಸಂಗೀತ ಎಂಬುದರ ಮುಂದೆ ಮಾತ್ರ ಖಾಲಿ ಗೆರೆ. ಯಾರಾದರೂ ಗುರುತಿಸುತ್ತಾರೆ ಎಂಬ ಧೈರ್ಯದ ಮೇಲೆ ಹಾಗೇ ಅಚ್ಚು ಹಾಕಿಸಿದ್ದಳು. ಈಗ ಆ ಗೆರೆ ನೋಡಿದರೆ ಅವಳಿಗೆ ಅಳು ಬರುತ್ತಿತ್ತು.

*

ಚರ್ಚಿಗೆ ಕರೆಂಟಿನ ಮೋಟರು ಬರುವ ಮೊದಲು ಅಲ್ಲಿನ ಆರ್ಗನ್‌ಗೆ ಗಾಳಿ ಕೊಡುತ್ತಿದ್ದವನು ಬೆಂಟ್ಸಿಲ್. ಗೋಡೆಯಷ್ಟೆತ್ತರದ ವಾದ್ಯ, ಅದರ ಬೆನ್ನ ಹಿಂದೆ ಒಬ್ಬ ಆಳು ನಿಲ್ಲುವಷ್ಟು ಸಂದಿ. ಅಲ್ಲಿ ತಿದಿಯ ಮರದ ಹಿಡಿ. ತಿದಿ ಎಷ್ಟು ತುಂಬಿದೆ ಎಂದು ತೋರಿಸಲು ದಾರಕ್ಕೆ ಕಟ್ಟಿದ ಸೀಸದ ಗುಂಡು. ಗುಂಡು ಮೇಲಿದ್ದರೆ ಗಾಳಿ ಇದೆ, ಕೆಳಗಿಳಿದರೆ ಗಾಳಿ ಇಲ್ಲ. ಎರಡು ಕಡೆಯೂ ಬೆಂಟ್ಸಿಲ್ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ.

ಆಗಿನ ಆರ್ಗನ್ ವಾದಕ ಕ್ವಾನ್ಸಾ ಬಲು ಬಿಗಿ ಮನುಷ್ಯ. ಹೆಸರಿಲ್ಲದ ಸಂಗೀತ ಚರ್ಚಿನಲ್ಲಿ ನುಡಿಸಕೂಡದು, ನುಡಿಸುವುದರ ಹೆಸರೂ ಬರೆದವನ ಹೆಸರೂ ಹಲಗೆಯ ಮೇಲೆ ಇರಲೇಬೇಕು ಎಂಬುದು ಅವನ ಕಟ್ಟಳೆ. ಸ್ವರಲಿಪಿ ಓದಲು ಬಾರದವನು ಆರ್ಗನ್ ಮುಟ್ಟಕೂಡದು ಎಂಬುದು ಇನ್ನೊಂದು. ಆದರೆ ಹಲಗೆ ಇದ್ದದ್ದು ಮುಂದೆ, ಬೆಂಟ್ಸಿಲ್ ಇದ್ದದ್ದು ಹಿಂದೆ. “ಈಗ ಯಾವುದು ಸ್ವಾಮಿ?” ಎಂದರೆ, “ತಿದಿ ಒತ್ತೋನಿಗೆ ಅದೆಲ್ಲ ಯಾಕೆ?” ಎಂಬ ಉತ್ತರ. ಒಂದು ಮದುವೆಯಲ್ಲಿ, ಸಣ್ಣ ತುಣುಕೆಂದು ಇವನು ಮೆಲ್ಲಗೆ ಒತ್ತುತ್ತಿದ್ದಾಗ ಅದು ದೊಡ್ಡದಾಗಿಬಿಟ್ಟು, ಮದುಮಗಳು ನಡುದಾರಿಯಲ್ಲಿರುವಾಗಲೇ ಆರ್ಗನ್ ಉಸಿರು ಬಿಟ್ಟಿತು. ಬೈಗುಳ ಒಂದು ವಾರ ನಡೆಯಿತು. ಅಂದಿನಿಂದ ಬೆಂಟ್ಸಿಲ್ ಮೊದಲ ನಾಲ್ಕು ಸ್ವರದಲ್ಲೇ ಮುಂದಿನದನ್ನೆಲ್ಲ ಊಹಿಸುವುದನ್ನು ಕಲಿತ.

ಆ ವಿದ್ಯೆ ಮುಂದೆ ಚರ್ಚಿನ ಅಂಗಳದ ಬೇವಿನ ಮರದ ಕೆಳಗಿನ ಆಟವಾಯಿತು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಆರ್ಹಿನ್ ಮೇಷ್ಟ್ರು ಕ್ಯಾಸೆಟ್ ಹಾಕಿ, ನಾಲ್ಕು ಸೆಕೆಂಡಿಗೆ ನಿಲ್ಲಿಸುತ್ತಿದ್ದರು.

“ಬಾಖ್. ನಲವತ್ತು ಒತ್ತು,” ಎಂದು ಬೆಂಟ್ಸಿಲ್ ತಿದಿ ಎಷ್ಟು ಸಲ ಒತ್ತಬೇಕೆಂಬ ಲೆಕ್ಕವನ್ನೂ ಸೇರಿಸಿ ಹೇಳುತ್ತಿದ್ದ. ಇಲ್ಲವೇ, “ಹ್ಯಾಂಡೆಲ್. ಬೆವರು ಇಳಿಸ್ತಾನೆ ಮಹಾರಾಯ, ತೊಂಬತ್ತು!” ಮೇಷ್ಟ್ರಿಗೆ ಒಳಗೊಳಗೇ ಉರಿ. ಸಂಗೀತದ ಪದವಿ ಇವರದು, ಗೆಲುವು ದರ್ಜಿಯದು.

ಎಲ್ಲರ ಸರದಿ ಮುಗಿದ ಮೇಲೆ ಅವನು ತಾರೀಕು ಮಾತ್ರ ಬರೆದಿದ್ದ ತನ್ನ ಕ್ಯಾಸೆಟ್ ತೆಗೆಯುತ್ತಿದ್ದ. ಅದೇ ಹದಿನೇಳು ಸೆಕೆಂಡು. ಯಾರಿಗೂ ಹೊಳೆಯುತ್ತಿರಲಿಲ್ಲ.

“ಹೋಗ್ಲಿ, ಎಷ್ಟು ಒತ್ತು ಅಂತಾದ್ರೂ ಹೇಳೋ,” ಎಂದು ಒಮ್ಮೆ ಮೇಷ್ಟ್ರು ಸೋತು ಕೇಳಿದ್ದರು.

“ಇದಕ್ಕೆ ಒತ್ತೇ ಇಲ್ಲ,” ಎಂದು ನಕ್ಕಿದ್ದ.

ಹಾಸಿಗೆ ಹಿಡಿದ ಮೇಲೆ ಮಗಳಿಗೂ ಹೆಸರು ಬಿಟ್ಟುಕೊಡಲಿಲ್ಲ. “ಹೆಸರು ಗೊತ್ತಾದ್ರೆ ಹಲಗೆ ಮೇಲೆ ಬರೆದು, ಅದನ್ನೇ ನುಡಿಸಿ ನನ್ನ ಕಳಿಸಿ. ಗೊತ್ತಾಗ್ದಿದ್ರೆ ನುಡಿಸ್ಬೇಡಿ.”

“ನೀನೇ ಹೇಳಪ್ಪ, ಬರ್ಕೋತೀನಿ.”

“ನಾನೇ ಹೇಳಿದ್ರೆ ನೀವು ಗುರುತಿಸಿದ ಹಾಗಾಯ್ತಾ?”

ಅವಳು ಹುಡುಕಿಯೇ ಹುಡುಕುತ್ತೇನೆಂದು ಮಾತು ಕೊಟ್ಟಳು.

*

ಎಲ್ಲರೂ ಚರ್ಚಿಗೆ ಬಂದು ಸೇರುವ ಹೊತ್ತಿಗೆ ಬಾಗಿಲಲ್ಲಿ ಸೆಕೊಂಡಿಯಿಂದ ಬಂದ ವ್ಯಾನು ನಿಂತಿತು. ಬೆಂಟ್ಸಿಲ್‌ನ ತಂಗಿ ಆಬಾ ಕೋಲೂರಿ ಇಳಿದಳು. ಮದುವೆಯಾಗಿ ಆ ಊರಿಗೆ ಹೋದಮೇಲೆ ಅವಳು ಬರುತ್ತಿದ್ದದ್ದು ಮದುವೆ, ಮಸಣಕ್ಕೆ ಮಾತ್ರ.

“ಏನೇ ಈ ಮುಖ? ಎಂಬತ್ತೊಂದು ವರ್ಷ ಇದ್ದೋನು ಹೋದ್ರೆ ಇಷ್ಟೊಂದು ಅಳ್ತಾರೇನೆ? ಬೆಳಿಗ್ಗೆ ಕೆಂಕೆ ಕಡುಬು ತಿಂದ್ಯಾ ಇಲ್ವಾ?”

“ತಿಂದೆ ಅತ್ತೆ. ಅದಲ್ಲ,” ಎಂದು ಎಕುವಾ ಫೋನ್ ಮುಂದೆ ಹಿಡಿದಳು. “ಇದರ ಹೆಸರು ಸಿಗ್ಲಿಲ್ಲ. ಅಪ್ಪನಿಗೆ ಮಾತು ಕೊಟ್ಟಿದ್ದೆ.”

“ನನಗೇನೇ ಗೊತ್ತು ಬಿಳಿಯರ ಸಂಗೀತ?” ಎನ್ನುತ್ತಲೇ ಆಬಾ ಕಿವಿ ಕೊಟ್ಟಳು. ಪಟಪಟ ಸದ್ದು ಬಂತು. ಮುದುಕಿಯ ಹುಬ್ಬು ಮೇಲೆ ಹೋಯಿತು. ರಾಗ ಮುಗಿದು ಕಾಗೆ ಕೂಗಿದಾಗ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

“ಅಯ್ಯೋ ಕಳ್ಳ! ಓಡಿ ಬಂದಿದ್ದಾನೆ ಕಣೇ!”

“ಯಾರು?”

“ನಿಮ್ಮಪ್ಪ! ಅದು ಅವನ ಚಪ್ಪಲಿ ಸದ್ದು. ರಾಗಾನೂ ಅವನೇ ಕಟ್ಟಿದ್ದು. ಅವನ ಕೈ ಮುರಿದಾಗ ಎರಡು ತಿಂಗಳು ನಾನೇ ತಿದಿ ಒತ್ತಿದ್ದು, ಗೊತ್ತಾ? ಕ್ವಾನ್ಸಾ ಇಲ್ಲದಾಗ ಇದೇ ಆಟ ನಮ್ದು. ಗುಂಡು ಮೇಲಿನ ಗೆರೆ ಮುಟ್ಟೋವರೆಗೂ ಒತ್ತೋದು, ಸುತ್ತು ಹಾಕ್ಕೊಂಡು ಮುಂದಕ್ಕೆ ಓಡೋದು, ಗಾಳಿ ಇರೋಷ್ಟು ಹೊತ್ತು ನುಡಿಸೋದು. ಇಪ್ಪತ್ತು ಎಣಿಸೋದ್ರೊಳಗೆ ಪುಸ್ ಅಂತ ಮುಗೀತಿತ್ತು.”

ಆರ್ಹಿನ್ ಮೇಷ್ಟ್ರು ಹತ್ತಿರ ಬಂದರು. “ಅದು ಬ್ಯಾಟರಿ ಸತ್ತಿದ್ದಲ್ವಾ ತಾಯಿ?”

“ಬ್ಯಾಟರಿ ಸತ್ತಿದ್ರೆ ಕಾಗೆ ದನೀನೂ ಕೆಡ್ಬೇಕಿತ್ತಲ್ಲ ಮೇಷ್ಟ್ರೇ? ಅದು ನೆಟ್ಟಗೇ ಕೂಗ್ತಿದೆ!”

ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. “ಒತ್ತೇ ಇಲ್ಲ ಅಂದಿದ್ದ,” ಎಂದರು. “ಒತ್ತೋದಕ್ಕೆ ಯಾರೂ ಇರ್ಲಿಲ್ಲ. ಅವನೇ ಮುಂದೆ ಕೂತಿದ್ದ. ದೇವರೇ! ಎದುರಿಗೇ ಕೂತಿದ್ದ ಮನುಷ್ಯನನ್ನು ಬಿಟ್ಟು ನಾನು ಜರ್ಮನಿಯೆಲ್ಲ ಹುಡುಕಿದೆ.”

ಕ್ಯಾಸೆಟ್ಟಿನ ಮೇಲೆ ಬರೆದಿದ್ದ ತಾರೀಕಿನ ಅರ್ಥ ಎಕುವಾಗೆ ಈಗ ಆಯಿತು. ಮೋಟರು ಕೂರಿಸಿದ ಹಿಂದಿನ ದಿನ ಅದು, ತಿದಿಯ ಮುಂದೆ ಅಪ್ಪನ ಕೊನೆಯ ದಿನ. ನಲವತ್ತರ ಗಂಡಸು, ಹೆಂಡತಿ ಮಕ್ಕಳಿದ್ದವನು, ಒಂದು ಸಲ ತನ್ನದೇನೋ ನುಡಿಸಬೇಕೆಂದು ಖಾಲಿ ಚರ್ಚಿನಲ್ಲಿ ಚಪ್ಪಲಿ ಬಡಿಯುತ್ತಾ ಓಡಿದ್ದಾನೆ. ಅವಳಿಗೆ ಅಪ್ಪನ ಮೇಲೆ ಹೇಳಲಾರದಷ್ಟು ಪ್ರೀತಿ ಉಕ್ಕಿತು. ಇಷ್ಟು ಕಾಲ ನಾವು ಯಾರೂ ಗುರುತಿಸಲಿಲ್ಲವಲ್ಲ ಎಂದು ಸಂಕಟವೂ ಆಯಿತು.

“ಅಣ್ಣಾ, ಬ್ಯಾಂಡ್‌ನವರಿಗೆ ಹೊರಗೇ ಇರೋಕೆ ಹೇಳು.”

ಫೀಫಿ ಕಣ್ಣೊರೆಸಿಕೊಂಡು ಹೋದ.

“ಅರ್ಧಕ್ಕೇ ನಿಲ್ಲುತ್ತಲ್ಲಮ್ಮ,” ಎಂದರು ಮೇಷ್ಟ್ರು. “ಮುಂದಕ್ಕೆ ಏನು ನುಡಿಸ್ಲಿ? ನಂದೇನಾದ್ರೂ ಸೇರಿಸೋಕೆ ನನಗೆ ಮನಸ್ಸಿಲ್ಲ.”

“ಸೇರಿಸ್ಬೇಡಿ. ಕೊನೇ ಸ್ವರ ಹಾಗೇ ಹಿಡ್ಕೊಳ್ಳಿ. ಮೋಟರು ಆರಿಸಿಬಿಡಿ ಮೇಷ್ಟ್ರೇ, ಗಾಳಿ ನಾನು ಕೊಡ್ತೀನಿ.”

*

ಪ್ರಾರ್ಥನೆ ಮುಗಿಯಿತು. ಆರು ಜನ ಪೆಟ್ಟಿಗೆಗೆ ಹೆಗಲು ಕೊಟ್ಟರು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೇಷ್ಟ್ರು ದುಂಡಗೆ ಬರೆದಿದ್ದರು: ಕೋಬಿನಾ ಬೆಂಟ್ಸಿಲ್, ಈ ಚರ್ಚಿನ ತಿದಿಯವನು. ಸಂಗೀತದ ಹೆಸರೂ ಅದೇ, ಬರೆದವನ ಹೆಸರೂ ಅದೇ. ಓಟೂ ಅದನ್ನು ಓದಿ, ಮತ್ತೊಮ್ಮೆ ಓದಿ, ಗಾಯಕರ ಟೊಪ್ಪಿ ತೆಗೆದ.

ಎಕುವಾ ಸಂದಿಯೊಳಗೆ ಹೋಗಿ ಸೆರಗು ಸೊಂಟಕ್ಕೆ ಬಿಗಿದಳು. ನಾಲ್ಕು ದಶಕದಿಂದ ಯಾರೂ ಮುಟ್ಟದ ಹಿಡಿ ಕಿರುಗುಟ್ಟಿತು. ಅಪ್ಪನ ಅಂಗೈ ಸವೆಸಿದ ಕಡೆಯೇ ಅವಳ ಕೈ ಕೂತಿತು. ಗುಂಡು ನಿಧಾನವಾಗಿ ಏರಿ ಮೇಲಿನ ಗೆರೆ ಮುಟ್ಟಿತು.

ರಾಗ ಎದ್ದಿತು. ಫೋನಿನಲ್ಲಿ ಕೇಳಿದ್ದು ಇದೇನಾ ಎನ್ನಿಸುವಷ್ಟು ದೊಡ್ಡದಾಗಿ ಎದ್ದಿತು. ಅವಳು ಎಣಿಸುತ್ತಾ ಒತ್ತಿದಳು. ಹದಿನಾಲ್ಕು, ಹದಿನೈದು, ಹದಿನಾರು. ರಾಗ ಸಾಯುತ್ತಿದ್ದ ಜಾಗ ಬಂತು. ಮೇಷ್ಟ್ರು ಕೊನೆಯ ಸ್ವರದ ಮೇಲೆ ಬೆರಳು ಊರಿದರು. ಎಕುವಾ ಮೈಯ ಭಾರವನ್ನೆಲ್ಲ ಹಿಡಿಯ ಮೇಲೆ ಹಾಕಿದಳು. ತೋಳು ಉರಿಯುತ್ತಿತ್ತು, ಬೆವರು ಕಣ್ಣೀರು ಕೂಡಿ ಗಲ್ಲದಿಂದ ಇಳಿಯುತ್ತಿತ್ತು. ಪೆಟ್ಟಿಗೆ ನಡುದಾರಿ ದಾಟಿತು, ಬಾಗಿಲು ದಾಟಿತು, ಬೇವಿನ ಮರದ ನೆರಳಿಗೆ ಬಂತು. ಅಲ್ಲಿಗೂ ಆ ಸ್ವರ ಕೇಳುತ್ತಿತ್ತು. ಒಳಗೆ ಸಂದಿಯ ಕತ್ತಲಲ್ಲಿ ಸೀಸದ ಗುಂಡು, ಅಪ್ಪ ಎಳೆದ ಮೇಲಿನ ಗೆರೆಯ ಪಕ್ಕದಲ್ಲೇ, ಒಂದಿಷ್ಟೂ ಇಳಿಯದೆ ನಿಂತಿತ್ತು.