ಯಾವ ಊರು ನಮ್ಮಂಥದ್ದು?

೧. ಎಲ್ಲಿಂದ ಶುರು ಮಾಡಲಿ? ಟೀಚರುಗಳ ಮುಷ್ಕರದಿಂದ ಮಾಡಿದರೆ ಲೊರೇನ್ ಹುದಾಕ್ ನಾಯಕಿಯಾಗುತ್ತಾಳೆ. ಗಿರಣಿ ಮುಚ್ಚಿ ಊರು ಬಡವಾದಲ್ಲಿಂದ ಮಾಡಿದರೆ ವೆಂಡೆಲ್ ಯೋಸ್ಟ್ ನಾಯಕ. (ಎರಡನ್ನೂ ಹರಿದು ಹಾಕಿದ್ದೇನೆ. ಬುಟ್ಟಿ ತುಂಬಿದೆ, ಕಥೆ ಇಲ್ಲ.)

೨. ಪೆನ್ಸಿಲ್ವೇನಿಯಾದ ಪುಟ್ಟ ಊರು. ಲೊರೇನ್ ರಸಾಯನಶಾಸ್ತ್ರದ ಟೀಚರ್, ಟೀಚರುಗಳ ಸಂಘದ ಅಧ್ಯಕ್ಷೆ. ವೆಂಡೆಲ್ ಹಾರ್ಡ್‌ವೇರ್ ಅಂಗಡಿಯವನು, ಸಂಬಳ ಕೊಡುವ ಶಾಲಾ ಮಂಡಳಿಯ ಅಧ್ಯಕ್ಷ, ಅವಳ ಸಹಪಾಠಿ. ಟೀಚರುಗಳ ಸಂಬಳದ ಹೊಸ ಕರಾರಿಗೆ ಇಲ್ಲಿ ಪದ್ಧತಿಯೊಂದಿದೆ: 'ನಮ್ಮಂಥ' ಊರುಗಳ ಪಟ್ಟಿಯನ್ನು ಇಬ್ಬರೂ ತರಬೇಕು, ಅಲ್ಲಿನ ಸಂಬಳ ನೋಡಿ ಮಾತಾಡಬೇಕು. ಶುಕ್ರವಾರದೊಳಗೆ ಒಪ್ಪಂದವಾಗದಿದ್ದರೆ ಸೋಮವಾರ ಶಾಲೆ ಬಂದ್. ಇನ್ನೂರು ಮಕ್ಕಳು ಬೆಳಗ್ಗೆ, ಮಧ್ಯಾಹ್ನ ಉಣ್ಣುವುದು ಶಾಲೆಯಲ್ಲೇ. ಅದು ಇಬ್ಬರಿಗೂ ಗೊತ್ತು.

ಲೊರೇನ್ ಸಂಬಳ ಹೆಚ್ಚಿರುವ ಹತ್ತು ಊರು ತಂದಳು. ವೆಂಡೆಲ್ ಕೂಡ ಹತ್ತು ತಂದ, ಸಂಬಳ ಕಡಿಮೆಯಿರುವವು. ಒಂದೂ ಹೊಂದಲಿಲ್ಲ.

"ಹಾರ್ಲನ್ಸ್‌ಫರ್ಡ್ ಯಾಕೆ ಬಿಟ್ಟೆ? ನಿಮ್ಮಕ್ಕ ಅಲ್ಲೇ ಪಾಠ ಮಾಡ್ತಾಳಲ್ಲ," ಅಂದ ವೆಂಡೆಲ್.

"ಅದು ಹೊಳೆ ಆಚೆ ಕಣೋ. ಅವರ ಕಥೇನೇ ಬೇರೆ," ಅಂದಳು ಲೊರೇನ್.

ಅವಳ ಪಟ್ಟಿಯ ಹತ್ತರಲ್ಲಿ ಮೂರು ಊರು ಹೊಳೆಯಾಚೆಯವೇ. ಆದರೆ ಅವಳು ಸುಳ್ಳು ಹೇಳಲಿಲ್ಲ, ನಿಜವೆಂದೇ ನಂಬಿದ್ದಳು, ಅದೇ ಸಂಕಟ. ಸುಳ್ಳಾಗಿದ್ದರೆ ಎಂದಾದರೂ ನಾಚುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು.

೩. ಗುರುವಾರ ಮಧ್ಯಸ್ಥೆಯೊಬ್ಬಳು ಬಂದಳು. ನಿಮ್ಮ ನಿಮ್ಮ ಪಟ್ಟಿಯ ದೋಷಗಳನ್ನು ನೀವೇ ಬರೆಯಿರಿ ಎಂದು ಇಬ್ಬರಿಗೂ ಹಾಳೆ ಕೊಟ್ಟಳು. ಅರ್ಧ ಗಂಟೆ ತಲೆ ಎತ್ತದೆ ಬರೆದರು. ಲೊರೇನ್‌ಳ ಹಾಳೆ ತುಂಬ ವೆಂಡೆಲ್‌ನ ಪಟ್ಟಿಯ ದೋಷಗಳಿದ್ದವು. ವೆಂಡೆಲ್‌ನ ಹಾಳೆಯಲ್ಲಿ ಅವಳವು.

೪. ಮುಕ್ತಾಯ ಒಂದು: ಲೊರೇನ್‌ಗೆ ತನ್ನ ತಪ್ಪು ಕಾಣುತ್ತದೆ. (ಇಷ್ಟು ಬರೆಯುವಷ್ಟರಲ್ಲಿ ಅವಳೇ ತಡೆದಳು.)

"ಮೊದ್ಲು ಅವನಿಗೆ ಕಾಣ್ಲಿ," ಅಂದಳು.

ಮುಕ್ತಾಯ ಎರಡು: ವೆಂಡೆಲ್‌ಗೆ ಕಾಣುತ್ತದೆ. ಅವನು ಕನ್ನಡಕ ತೆಗೆದು ನನ್ನನ್ನೇ ನೋಡಿದ.

"ಅಲ್ಲಾ ಮಾರಾಯ, ನಿನ್ ಹೆಂಡ್ತಿ ಯಾವ ಶಾಲೇಲಿ ಕೆಲ್ಸ ಮಾಡ್ತಾಳೆ? ಓದೋರಿಗೆ ಅದನ್ನ ಹೇಳಿದ್ಯಾ?"

ಹೇಳಿರಲಿಲ್ಲ. ಇದೇ ಶಾಲೆ, ಎರಡನೇ ತರಗತಿ. ಹೇಳಬೇಕಾದ ವಿಷಯವೆಂದು ನನಗೆ ನಿಜವಾಗಿಯೂ ಅನ್ನಿಸಿರಲಿಲ್ಲ. ತುಂಬ ನಾಚಿಕೆಯಾಯಿತು.

೫. ಮತ್ತೆ ಬರೆದೆ, ಈ ಸಲ ನ್ಯಾಯವಾಗಿ. ಶಾಲೆಗೆಂದು ಹಾಕುವ ಮನೆ ತೆರಿಗೆ ಕಟ್ಟಲಾಗದೆ ವೆಂಡೆಲ್‌ನ ಅಂಗಡಿಗೆ ಬಂದು ಗೋಳಿಡುವ ಮುದುಕರಿಗೆ ಒಂದಿಡೀ ಪುಟ ಕೊಟ್ಟೆ. ಓದಿ ನೋಡಿದರೆ ಅವರೆಲ್ಲ ಚೌಕಾಸಿ ಮಾಡುವವರಂತೆಯೇ ಕಂಡರು. ಆ ಪುಟ ತೆಗೆದುಬಿಟ್ಟೆ. ಕಥೆ ಉದ್ದವಾಗುತ್ತದೆಂದು, ಬೇರೇನೂ ಅಲ್ಲ.

ಸೋಮವಾರ ಶಾಲೆ ತೆರೆಯಲಿಲ್ಲ. ನನ್ನ ಹೆಂಡತಿ ಮುಷ್ಕರದ ಫಲಕ ಹಿಡಿದು ಗೇಟಿಗೆ ಹೋದಳು. ಅವಳ ತರಗತಿಯ ಇಬ್ಬರು ಮಕ್ಕಳು ಊಟವಿದೆಯೇನೋ ಎಂದು ಬಂದು, ನೋಡಿ, ಹಿಂದಿರುಗಿದರಂತೆ.

ಅವರನ್ನು ಹಸಿದು ಕಳಿಸಿದ್ದು ಯಾರೆಂದು ದಯವಿಟ್ಟು ನನ್ನನ್ನು ಕೇಳಬೇಡಿ. ಕೇಳಿದರೆ ತಡವರಿಸದೆ ಹೇಳಿಬಿಡುತ್ತೇನೆ.