ಬೆಣ್ಣೆ ಮೆತ್ತಿದ ಬಾಟಲಿ

"ಮೋರೆ ಎತ್ತೇ ಬೋಸುಡಿ, ಅಪ್ಪನ ಮನೇಗೆ ಬಂದಿದೀಯ, ಮಸಣಕ್ಕಲ್ಲ," ಎಂದು ಗಂಗಾಬೀರ್ ನರ್ಜುಮಳ ಬೆನ್ನಿಗೆ ಗುದ್ದಿದ.

ಮೂರು ದಿನದ ಹಿಂದೆ ಚಿಲುಮೆಯ ಹತ್ತಿರ ನೀರು ಹಿಡಿಯುತ್ತಿದ್ದವಳನ್ನು ಅವನ ಮೂವರು ಗಂಡುಮಕ್ಕಳು ಹೊತ್ತೊಯ್ದಿದ್ದರು. ಕಿನ್ನೌರಿನ ಆ ಊರಲ್ಲಿ ಅದೂ ಒಂದು ಬಗೆಯ ಮದುವೆಯೇ. ಮೂವರಿಗೂ ಒಬ್ಬಳೇ ಹೆಂಡತಿಯಾದರೆ ಹೊಲ ಪಾಲಾಗುವುದಿಲ್ಲ. ಮೊದಲ ದಿನ ಅವಳು ಕಚ್ಚಿದ್ದಳು, ಎರಡನೆಯ ದಿನ ಕಚ್ಚಲಿಲ್ಲ. ಈಗ ಬೆನ್ನಿಗೆ ಬಿದ್ದ ಗುದ್ದೂ ತನ್ನದಲ್ಲ ಎನ್ನುವಂತೆ ನಡೆದಳು.

ಉಳಿದದ್ದು ಬಾಟಲಿಯೊಂದೇ. ಬಾಯಿಗೆ ಬೆಣ್ಣೆ ಮೆತ್ತಿದ ಸಾರಾಯಿ ಬಾಟಲಿ. ಹೆಣ್ಣಿನ ಅಪ್ಪ ಬಿರಡೆ ಕಿತ್ತರೆ ಮದುವೆ ಗಟ್ಟಿ. ಕೀಳದಿದ್ದರೆ ಹುಡುಗಿ ತವರಲ್ಲೇ ಉಳಿದಳು.

ಅಪ್ಪ ಪಾಲ್ದೇನ್ ಹೊಸ್ತಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದ. ಇಪ್ಪತ್ತು ವರ್ಷದಿಂದ ಗಂಗಾಬೀರನ ಕುರಿ ಕಾಯುವವನು. ತಲೆಯ ಮೇಲಿನ ಸೂರೂ ಧಣಿಯದೇ. ಗಂಗಾಬೀರ್ ಬಾಟಲಿಯನ್ನು ಅವನ ಮಡಿಲಿಗೆ ತುರುಕಿದ.

"ಏನ್ಲಾ, ನನ್ನ ಕುರಿ ಮೇಯ್ಸೋನ ಮಗಳನ್ನ ಸೊಸೆ ಮಾಡ್ಕೊಂಡಿದೀನಿ. ಕಾಲಿಗೆ ಬೀಳೋದು ಬಿಟ್ಟು ಕದಿರು ತಿರುಗಿಸ್ತಾ ಕೂತಿದೀಯಲ್ಲ, ಸೂಳೆಮಗನೆ. ತೆಗಿ!"

"ಧಣೀ, ಮಗೀಗೆ ಮನಸಿಲ್ಲ ಅಂತ ಕಾಣ್ತದೆ..."

"ಕುರಿ ಮನಸು ಕೇಳಿ ತುಪ್ಪಟ ಕತ್ತರಿಸ್ತೀಯೇನ್ಲಾ? ನಾಳೆಯಿಂದ ಎಲ್ಲಿ ಮಲಗ್ತೀಯ, ಅದ ಹೇಳು."

"ಅಪ್ಪಾ, ತೆಗೀಬ್ಯಾಡ," ಎಂದಳು ನರ್ಜುಮ್. ಆ ದಿನ ಅವಳಾಡಿದ ಮೊದಲ ಮಾತು.

ಪಾಲ್ದೇನ್ ಮಗಳ ಮುಖ ನೋಡಲಿಲ್ಲ. ಬೆಣ್ಣೆಗೆ ಬಿರಡೆ ಜಾರಿತು. ಅಂಗಿಗೆ ಕೈ ಒರೆಸಿಕೊಂಡು ಮತ್ತೆ ಹಿಡಿದು ಕಿತ್ತ. ಗಂಗಾಬೀರ್ ನಕ್ಕು, ಮೊದಲ ಗುಟುಕು ತಾನೇ ಕುಡಿದು ಬಾಟಲಿಯನ್ನು ಅವನ ಕಾಲ ಬಳಿ ಇಟ್ಟ.

ನರ್ಜುಮ್ ಸೌದೆ ರಾಶಿಯಿಂದ ಒಂದು ಒಣ ಕಡ್ಡಿ ಎಳೆದಳು. ಗಂಡ ಹೆಂಡತಿ ಬೇರೆಯಾಗುವಾಗ ಇಬ್ಬರೂ ಒಂದೊಂದು ತುದಿ ಹಿಡಿದು ಮುರಿಯುವುದು ಅಂಥ ಕಡ್ಡಿಯನ್ನೇ.

"ಲೇ, ನನ್ನ ಮಕ್ಕಳು ಹಿಡೀದೆ ಅದು ಮುರಿದಂಗಲ್ಲ ಕಣೇ. ಅವರು ಹಿಡಿಯಾಕಿಲ್ಲ," ಎಂದ ಗಂಗಾಬೀರ್.

"ಅವರನ್ನ ಯಾರು ಕರೆದ್ರು?" ಅವಳು ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಅಪ್ಪಾ, ಈ ತುದಿ ಹಿಡ್ಕೋ."

ಇಪ್ಪತ್ತು ವರ್ಷ ಹೇಳಿದ್ದನ್ನು ಮಾಡಿಕೊಂಡು ಬಂದವನು, ಹಿಡಿದ. ಯಾಕೆಂದು ಹೊಳೆಯುವಷ್ಟರಲ್ಲಿ ಕಡ್ಡಿ ಮುರಿದಿತ್ತು.

"ಇನ್ನು ನಿಂಗೆ ಮಗಳಿಲ್ಲ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಇಲ್ಲದೋಳನ್ನ ಹೆಂಗೆ ಕೊಡ್ತೀಯ? ಬಾಟ್ಲಿ ವಾಪಸ್ ಕೊಡು."

ಪಾಲ್ದೇನ್ ಬೆಣ್ಣೆಗೈಯಲ್ಲಿ ಅರ್ಧ ಕಡ್ಡಿ ಹಿಡಿದು ಕೂತೇ ಇದ್ದ. ನರ್ಜುಮ್ ಬಸ್ ರಸ್ತೆಯ ಕಡೆ ಇಳಿಯತೊಡಗಿದಳು. ಮೇಲೆ ಗಂಗಾಬೀರ್ ತನ್ನ ಮಕ್ಕಳ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗುತ್ತಿದ್ದ.