ತಣ್ಣಗಿನ ಮುಳ್ಳು

ನಮ್ಮ ಭಾವ ಮುಂಡಪ್ಪನವರಿಗೆ ಬಾರದ ವಿದ್ಯೆಯಿಲ್ಲ. ಡೊಂಬಿವಲಿಯಲ್ಲಿ ಹೋಟೆಲ್ ನಡೆಸಿದ ಕಾಲದಲ್ಲಿ ಸೋರಿದ ಪ್ರತಿ ನಲ್ಲಿಗೂ ಸ್ವಂತ ಕೈಯಿಂದ ಬಿಳಿ ಟೇಪು ಸುತ್ತಿದವರು. ಆದ್ದರಿಂದ ನಾನು ಊಟ ಸಾಗಿಸುವ ವ್ಯಾನಿನ ಟೆಂಪರೇಚರ್ ಮುಳ್ಳು ಪದೇ ಪದೇ ಕೆಂಪಿಗೆ ಏರತೊಡಗಿದಾಗ ಮೆಕ್ಯಾನಿಕ್ ಬೇಕಾಗಲಿಲ್ಲ.

"ಇಂಜಿನಿಗೆ ಎಂತದೂ ಆಗ್ಲಿಲ್ಲ. ಸೆನ್ಸರ್ ಸುಳ್ಳು ಹೇಳ್ತಾ ಉಂಟು," ಎಂದರು.

ಜ್ವರ ಬಂದರೆ ಥರ್ಮಾಮೀಟರ್ ಬದಲಿಸುವ ವೈದ್ಯರು ಮನೆಯಲ್ಲೇ ಇರುವುದು ಪುಣ್ಯ.

ಕಲ್ಯಾಣದ ಸ್ಪೇರ್ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಹಳೆಯದನ್ನು ತಿರುಗಿಸಿ ನೋಡಿ, ಅದೇ ಅಳತೆಯ, ಒಂದೇ ವೈರಿನ ಸೆನ್ಸರ್ ಕೊಟ್ಟ. "ಟೇಪ್ ಮತ್ ಲಗಾನಾ, ಅಂಕಲ್. ಬಾಡಿ ಸೇ ಅರ್ಥ್ ಲೇತಾ ಹೈ." ಟೇಪು ಸುತ್ತಬೇಡಿ, ಸೆನ್ಸರಿನ ಲೋಹ ಇಂಜಿನಿನ ಲೋಹಕ್ಕೆ ತಾಗಿದರಷ್ಟೇ ಮುಳ್ಳು ಏಳುತ್ತದೆ, ಅಷ್ಟೇ ಅವನು ಹೇಳಿದ್ದು.

ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಭಾವ ಹೊಸ ಸೆನ್ಸರಿಗೆ ಟೇಪು ಸುತ್ತಿ ಕೂರಿಸಿದರು. ಧಾರಾಳವಾಗಿ.

"ಬೇಡ ಅಂದಿದ್ದನಲ್ಲ ಅವನು."

"ನೀರು ಸೋರಿದ್ರೆ ಅವ ಬಂದು ಒರೆಸ್ತಾನಾ, ಮಾರಾಯ್ತಿ?"

ಮುಳ್ಳು ತಳದಲ್ಲಿ ಮಲಗಿತು, ಏಳಲೇ ಇಲ್ಲ. ಕಾಯಿಲೆ ವಾಸಿ.

ಮರುದಿನ ಘಣಸೋಲಿಯ ಒಂದು ಆಫೀಸಿಗೆ ನಾನು ಮುಟ್ಟಿಸಬೇಕಾದ ಮೊದಲ ಊಟ. ಹೊತ್ತಿಗೆ ಸರಿಯಾಗಿ ಮುಟ್ಟಿದರೆ ದಿನಾ ಆರ್ಡರ್, ಇಲ್ಲವಾದರೆ ಬೇರೆಯವರಿಗೆ. ಭಾವನೇ ಸಾರಥಿ. ಶೀಳ್ ಫಾಟಾ ದಾಟಿ ಏರು ಹತ್ತುವಾಗ ಸುಟ್ಟ ವಾಸನೆ ಬಂತು.

"ಭಾವ, ನಿಲ್ಸಿ. ಬಿಸಿಯಾಗಿದೆ."

"ಮುಳ್ಳು ನೋಡು, ಫ್ರಿಜ್ಜಿನ ಹಾಗೆ ಉಂಟು. ವಾಸನೆ ನಿನ್ನ ಸಾಂಬಾರಿದ್ದು."

ನನ್ನ ಸಾಂಬಾರಿಗೆ ರಬ್ಬರ್ ಹಾಕುವ ಅಭ್ಯಾಸ ನನಗಿಲ್ಲ. ಸ್ವಲ್ಪ ಮುಂದೆ ಹೋಗುತ್ತಲೇ ಸೀಟಿನಡಿಯಿಂದ ಹಬೆ ಎದ್ದಿತು, ಇಂಜಿನ್ ಕಟಕಟ ಎಂದು ಸುಮ್ಮನಾಯಿತು.

ಭಾವ ಮುಳ್ಳನ್ನೇ ನೋಡುತ್ತ ಕುಳಿತರು. ನಾನು ರಸ್ತೆಗಿಳಿದು ಈರುಳ್ಳಿ ಟೆಂಪೋ ಒಂದಕ್ಕೆ ಕೈ ಅಡ್ಡ ಹಿಡಿದೆ. ಡ್ರೈವರ್ ಗೊಣಗುತ್ತಲೇ ಡಬ್ಬಗಳನ್ನು ಮೂಟೆಗಳ ನಡುವೆ ಏರಿಸಿದ. ಊಟ ಹೊತ್ತಿಗೆ ಮುಟ್ಟಿತು. "ನಾಳೆಯಿಂದ ದಿನಾ ತನ್ನಿ," ಎಂದರು ಆಫೀಸಿನವರು. ಯಾವುದರಲ್ಲಿ ತರುತ್ತೀರಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ವ್ಯಾನಿನ ಬಳಿಗೆ ಹಿಂದಿರುಗಿ ಬಂದಾಗ ಗ್ಯಾರೇಜಿನವನೊಬ್ಬ ಬಗ್ಗಿ ನೋಡಿ, ಇಂಜಿನ್ ಪೂರ್ತಿ ಬಿಚ್ಚಬೇಕು ಎನ್ನುತ್ತಿದ್ದ. ಭಾವ ನನ್ನನ್ನು ಕರೆದು, ಚಾವಿ ತಿರುಗಿಸಿ, ಮೀಟರಿನತ್ತ ಬೆರಳು ತೋರಿಸಿದರು.

"ನೋಡು ವಿನೋದಾ, ಈಗಲೂ ತಣ್ಣಗೆ ಉಂಟು."